ಲೆಕ್ಕಕ್ಕೆ ಸಿಗದ ಸೊಪ್ಪು

ಕೃಷ್ಣದೇವರಾಯ ಬೆಳಿಗ್ಗೆ ಎದ್ದು ಮೊದಲು ಏನು ಕುಡಿಯುತ್ತಿದ್ದ ಅನ್ನೋದಕ್ಕೆ ದಾಖಲೆ ಇದೆ. ಹಾಲಲ್ಲ, ಮಜ್ಜಿಗೆ ಅಲ್ಲ, ಎಳ್ಳೆಣ್ಣೆ. 1520ರ ಆಸುಪಾಸಿನಲ್ಲಿ ಹಂಪಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಬರೆದಿಟ್ಟಿದ್ದಾನೆ. (ಹೆಸರೇ ಪಾಯಸ್. ಊಟ-ತಿಂಡಿ ಬಗ್ಗೆ ಬರೆಯದೆ ಇರ್ತಾನಾ?) ನಸುಕು ಹರಿಯುವ ಮುಂಚೆ ಮುಕ್ಕಾಲು ಪಿಂಟಿನಷ್ಟು ಎಣ್ಣೆ ಹೊಟ್ಟೆಗೆ, ಅದೇ ಎಣ್ಣೆ ಮೈಗೆ. ಆಮೇಲೆ ಸೊಂಟಕ್ಕೊಂದು ಬಟ್ಟೆ ಸುತ್ತಿ, ಮಣ್ಣಲ್ಲಿ ಮಾಡಿದ ಭಾರದ ಗುಂಡುಗಳನ್ನು ಎತ್ತಿ, ಕತ್ತಿ ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯೋತನಕ ಕಸರತ್ತು. ನಂತರ ಜಟ್ಟಿಯೊಬ್ಬನ ಜೊತೆ ಕುಸ್ತಿ. ನಂತರ ಕುದುರೆ ಏರಿ ಬಯಲಲ್ಲಿ ಓಟ. ಇಷ್ಟೆಲ್ಲ ಆಗುವಷ್ಟರಲ್ಲಿ ಬೆಳಗು. ಮುಕ್ಕಾಲು ಪಿಂಟು ಅಂದರೆ 400 ಮಿಲಿಲೀಟರ್‌ಗೂ ಸ್ವಲ್ಪ ಜಾಸ್ತಿ. ಲೆಕ್ಕ ಹಾಕಿದೆ, ಇಂಜಿನಿಯರ್ ಚಟ: ಹತ್ತಿರ ಹತ್ತಿರ 3500 ಕ್ಯಾಲೊರಿ. ಇವತ್ತಿನ ಯಾವ ಡಯಟೀಷಿಯನ್ನೂ ಈ ಪ್ಲ್ಯಾನಿಗೆ ಸಹಿ ಹಾಕಲ್ಲ.

ನಾನು ಇದನ್ನೆಲ್ಲ ಹುಡುಕಿದ್ದಕ್ಕೆ ಒಂದು ಕಾರಣ ಇದೆ. ನಾನು ಕಂಪ್ಲಿ ಕಡೆಯ ಹಳ್ಳಿಯವನು. ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದು ಹದಿಮೂರು ವರ್ಷ ಆಯ್ತು. ನಮ್ಮ ಫ್ಲೋರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಅರ್ಧ ಜನರ ಮೇಜಿನ ಮೇಲೆ ಹಸಿರು ಬಾಟಲಿ ಇರುತ್ತೆ. ಪಾಲಕ್, ಕೇಲ್, ಸೌತೆಕಾಯಿ, ಶುಂಠಿ, ಅರ್ಧ ಸೇಬು, ಎಲ್ಲ ಸೇರಿಸಿ ತಿರುವಿದ್ದು. ಬಾಟಲಿಗೆ 180 ರೂಪಾಯಿ. ಅದರ ಮೇಲೆ 'ಪ್ರಾಚೀನ ಭಾರತದ ಅರಿವು' ಅನ್ನೋ ಧಾಟಿಯ ಸಾಲು ಬೇರೆ. ಟೀಮಿನ ಹುಡುಗಿಯೊಬ್ಬಳು ಕೇಳಿದಳು, "ಸರ್, ನಿಮ್ಮೂರ ಕಡೆ ಹಂಪಿ ಕಾಲದಿಂದಲೂ ಇದನ್ನ ಕುಡೀತಿದ್ರಂತಾ?" ನೋಡಿ ಹೇಳ್ತೀನಿ ಅಂದೆ. ನೋಡಿದ್ದು ಉದ್ದ ಆಯ್ತು, ಅದಕ್ಕೇ ಈ ಬರಹ.

ಮೊದಲು ಬಾಟಲಿಯ ಪುರಾಣ ಮುಗಿಸಿಬಿಡೋಣ, ಅದು ಚಿಕ್ಕದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಪಾಪ್ಲಾವ್‌ಸ್ಕಿ ಅನ್ನುವವನು ಜಾಡಿಯ ತಳದಲ್ಲಿ ತಿರುಗುವ ಬ್ಲೇಡಿಗೆ 1922ರಲ್ಲಿ ಪೇಟೆಂಟ್ ಪಡೆದ. ಅವನ ತಲೆಯಲ್ಲಿದ್ದದ್ದು ಸೊಪ್ಪಲ್ಲ, ಅಂಗಡಿಗಳಲ್ಲಿ ಮಾರುವ ಮಾಲ್ಟೆಡ್ ಹಾಲು. 1937ರಲ್ಲಿ ಫ್ರೆಡ್ ವೇರಿಂಗ್ ಅನ್ನೋ ಬ್ಯಾಂಡ್ ಮಾಸ್ಟರ್ ಬ್ಲೆಂಡರ್ ಮಾರುಕಟ್ಟೆಗೆ ತಂದ. ಸೊಪ್ಪನ್ನು ಹಣ್ಣಿನ ಜೊತೆ ತಿರುವಿ ದಿನಾ ಕುಡಿಯಿರಿ ಅನ್ನೋ ಪ್ರಚಾರ ಜೋರಾಗಿದ್ದು ವಿಕ್ಟೋರಿಯಾ ಬೂಟೆಂಕೊ 2005ರಲ್ಲಿ 'ಗ್ರೀನ್ ಫಾರ್ ಲೈಫ್' ಪುಸ್ತಕ ತಂದ ಮೇಲೆ. ಆಕೆ ರಷ್ಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ನಮ್ಮ ಅಡುಗೆಮನೆಗಳಿಗೆ ಸುಮೀತ್ ಮಿಕ್ಸಿ ಬರಲು ಶುರುವಾಗಿದ್ದು 1960ರ ದಶಕದಲ್ಲಿ, ಅದೂ ಚಟ್ನಿಗೆ, ದೋಸೆ ಹಿಟ್ಟಿಗೆ. ಒಟ್ಟಿನಲ್ಲಿ ಬಾಟಲಿಯ 'ಪ್ರಾಚೀನತೆ' ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಷ್ಟು ಹಳೇದು.

ಹಂಪಿಯ ದಾಖಲೆಗಳಲ್ಲಿ ಎಲೆಯೇ ಇಲ್ಲವಾ ಅಂದ್ರೆ, ಒಂದು ಎಲೆ ಇದೆ. ಬೇಕಾದಷ್ಟಿದೆ. ವೀಳ್ಯದೆಲೆ. ಎರಡನೇ ದೇವರಾಯ 1426ರಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ ಶಾಸನದಲ್ಲಿ, ಅದು ಇರುವ ಬೀದಿಯನ್ನೇ ಅಡಿಕೆ-ಎಲೆ ಮಾರುವ ಬೀದಿ ಅಂತ ಹೇಳಿದೆ. ಇವತ್ತಿಗೂ ಗೈಡುಗಳು ಅದನ್ನ ಪಾನ್ ಸುಪಾರಿ ಬಜಾರ್ ಅಂತಲೇ ತೋರಿಸ್ತಾರೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅಂತೂ ಈ ಎಲೆಗೆ ಮರುಳಾಗಿಹೋಗಿದ್ದ. ಮುಖಕ್ಕೆ ಕಳೆ ಬರುತ್ತೆ, ಹಸಿವು ಹುಟ್ಟುತ್ತೆ, ಹಲ್ಲು ಗಟ್ಟಿಯಾಗುತ್ತೆ ಅನ್ನೋ ರೀತಿಯಲ್ಲಿ ಗುಣಗಾನ ಮಾಡಿ, ರಾಜನಿಗೆ ಅಷ್ಟು ದೊಡ್ಡ ಅಂತಃಪುರ ನಿಭಾಯಿಸೋಕೆ ಸಾಧ್ಯ ಆಗಿರೋದೂ ಬಹುಶಃ ಈ ಎಲೆಯ ಬಲದಿಂದಲೇ ಅಂದುಬಿಟ್ಟಿದ್ದಾನೆ. ಹಸಿರೆಲೆಯ ಹೆಸರಲ್ಲಿ ಉತ್ಪ್ರೇಕ್ಷೆ ಮಾಡೋದು ಇನ್‌ಸ್ಟಾಗ್ರಾಮ್ ಬಂದ ಮೇಲೆ ಶುರುವಾದದ್ದಲ್ಲ.

ಆದರೆ ಊಟದ ಸೊಪ್ಪು? ಪಾಯಸ್ ಪೇಟೆಯ ಪಟ್ಟಿ ಕೊಡ್ತಾನೆ: ಅಕ್ಕಿ, ಜೋಳ, ಹೆಸರು, ಹುರುಳಿ, ರಾಶಿ ರಾಶಿ ನಿಂಬೆ, ಕಿತ್ತಳೆ, ಬದನೆ. ಉಳಿದ ತರಕಾರಿಯನ್ನು 'ಬೆರಗಾಗುವಷ್ಟು' ಅನ್ನೋ ಒಂದೇ ಮಾತಿನಲ್ಲಿ ಮುಗಿಸ್ತಾನೆ. ಹದಿನೈದು ವರ್ಷದ ನಂತರ ಬಂದ ಕುದುರೆ ವ್ಯಾಪಾರಿ ನ್ಯೂನಿಜ್ ಇನ್ನೂ ಲೆಕ್ಕದ ಮನುಷ್ಯ. ಅವನ ಪ್ರಕಾರ ಪೇಟೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿ ಸಮೇತ ಮಾರಾಟಕ್ಕಿತ್ತು. ದಿನಕ್ಕೆ 2000 ಎತ್ತು ಸರಕು ಹೊತ್ತು ನಗರದ ಬಾಗಿಲು ದಾಟುತ್ತಿದ್ದವು, ಪ್ರತಿ ಎತ್ತಿಗೂ ಸುಂಕ. ಕೊಂಬಿಲ್ಲದ ಬೋಳು ಎತ್ತಿಗೆ ಮಾತ್ರ ಮಾಫಿ, ಅದೂ ಇಡೀ ರಾಜ್ಯದಲ್ಲಿ! ಬೋಳೆತ್ತಿನ ವಿನಾಯಿತಿವರೆಗೂ ಬರೆದ ಮನುಷ್ಯ ಸೊಪ್ಪಿನ ಹೆಸರು ಎತ್ತಿಲ್ಲ.

ನನಗೆ ಅನ್ನಿಸೋದು ಇಷ್ಟು. ವೀಳ್ಯದೆಲೆ ತೋಟದ ಬೆಳೆ. ಅದಕ್ಕೆ ಬೆಲೆ ಇತ್ತು, ಬೀದಿ ಇತ್ತು, ತೆರಿಗೆ ಇತ್ತು. ಹಾಗಾಗಿ ಶಾಸನಕ್ಕೆ ಬಂತು. ಊಟದ ಸೊಪ್ಪು ಎತ್ತಿನ ಮೇಲೆ ಬರಲಿಲ್ಲ, ಹೆಂಗಸರ ಉಡಿಯಲ್ಲಿ ಬಂತು. ಉಡಿಗೆ ಸುಂಕದ ಕಟ್ಟೆ ಇರಲಿಲ್ಲ. ಹೀಗಾಗಿ ಒಂದು ಮಹಾನಗರದ ಬಡವರು ದಿನಾ ರೊಟ್ಟಿ ಜೊತೆ ಏನು ತಿಂದರು ಅನ್ನೋದು ಕಲ್ಲಿನ ಮೇಲೂ ಇಲ್ಲ, ಕಾಗದದ ಮೇಲೂ ಇಲ್ಲ. ಇದೇ ಕಾಲದ ಕನ್ನಡ ಪುಸ್ತಕ ಒಂದಿದೆ, ಮೂರನೇ ಮಂಗರಸನ 'ಸೂಪಶಾಸ್ತ್ರ'. ಪಾನಕಕ್ಕೂ ಅದರಲ್ಲಿ ಪ್ರತ್ಯೇಕ ಅಧ್ಯಾಯ ಇದೆ. ಆದರೆ ಅದು ಅರಸು ಮನೆತನದವನು ಬರೆದ, ಉಳ್ಳವರ ಅಡುಗೆಮನೆಯ ಪುಸ್ತಕ.

ನೀರಿನ ಲೆಕ್ಕ ಮಾತ್ರ ಚೆನ್ನಾಗಿ ಉಳಿದಿದೆ. ರಾಯ ಕಟ್ಟಿಸಿದ ದೊಡ್ಡ ಕೆರೆಯ ಕೆಲಸದಲ್ಲಿ 15-20 ಸಾವಿರ ಆಳು ಇರುವೆಗಳ ಥರ ಮುತ್ತಿಕೊಂಡಿದ್ದನ್ನು ಪಾಯಸ್ ಕಣ್ಣಾರೆ ಕಂಡಿದ್ದ. ಹೊಸಪೇಟೆಯ ರಾಯರ ಕೆರೆಯೇ ಅದು ಅಂತ ರಾಬರ್ಟ್ ಸಿವೆಲ್‌ನಿಂದ ಹಿಡಿದು ಹಲವರು ಗುರುತಿಸಿದ್ದಾರೆ. ಆ ನೀರಿನ ಕೆಳಗೆ ಗದ್ದೆ, ತೋಟ ಮಾಡೋರಿಗೆ ಒಂಬತ್ತು ವರ್ಷ ತೆರಿಗೆ ಮಾಫಿ ಮಾಡಿದ್ದರಂತೆ, ನಂತರ ಆದಾಯ 20 ಸಾವಿರ ಪರದಾವು ಮುಟ್ಟಿತಂತೆ, ಇದು ನ್ಯೂನಿಜ್ ಲೆಕ್ಕ. ಪರದಾವು ಅಂದರೆ ನಮ್ಮ ವರಹ. ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ ಇವತ್ತಿಗೂ ಹರಿಯುತ್ತಿವೆ. ರಾಜಧಾನಿ 1565ರಲ್ಲಿ ಬಿತ್ತು, ಕಾಲುವೆ ಬೀಳಲಿಲ್ಲ. ಹಂಪಿಗೆ ಹೋದಾಗ ವಿರೂಪಾಕ್ಷನ ಗೋಪುರದ ಫೋಟೊ ತೆಗೆದ ಮೇಲೆ ಸ್ವಲ್ಪ ಬಾಳೆತೋಟದ ಕಡೆಗೂ ನಡೆಯಿರಿ. ಹಂಪಿಯಲ್ಲಿ ಪಾಳು ಬೀಳದೆ ಇನ್ನೂ ಡ್ಯೂಟಿ ಮಾಡ್ತಿರೋದು ಅಲ್ಲಿದೆ.

ಇನ್ನು ಕಲ್ಲಿನ ಮೇಲೆ ಇಲ್ಲದ್ದರ ಸಂಗತಿ. ಅದಕ್ಕೆ ನನಗಿರೋ ಆಕರ ನಮ್ಮವ್ವ.

ನಮ್ಮ ಕಡೆ ಸೊಪ್ಪಿಗೆ ಪಲ್ಯ ಅಂತೀವಿ. ಬೇಯಿಸಿದ ಮೇಲಲ್ಲ, ಹೊಲದಲ್ಲಿ ಇರುವಾಗಲೇ ಅದು ಪಲ್ಯ. ಪುಂಡಿಪಲ್ಯ, ರಾಜಗಿರಿ, ಗೋಳಿ, ಕಿರಕಸಾಲಿ, ಕಡ್ಲಿಪಲ್ಯ, ಎಳೇ ಕುಸುಬಿ, ಹುಣಸೆ ಚಿಗುರು, ಕಾಲುವೆ ಬದುವಿನ ಹೊನಗೊನ್ನಿ. ಇದರಲ್ಲಿ ಅರ್ಧ ಯಾರೂ ಬಿತ್ತಿದ್ದಲ್ಲ. ಜೋಳದ ಹೊಲದಲ್ಲಿ ಕಳೆ ತೆಗೆಯೋಕೆ ಕೂಲಿಗೆ ಹೋದವರು ಕಳೆಯಲ್ಲೇ ತಿನ್ನೋದನ್ನು ಆರಿಸಿ ಉಡಿ ತುಂಬಿಕೊಂಡು ಬರೋರು. ಕೂಲಿ ಹೊಲದವನು ಕೊಡೋದು, ಪಲ್ಯ ಹೊಲ ಕೊಡೋದು. ಸಂಡೂರಿನ ಗುಡ್ಡದ ಸುತ್ತ ತಾಂಡಾಗಳ ಲಂಬಾಣಿ ಹೆಂಗಸರಿಗೆ ನಮಗಿಂತ ಹೆಚ್ಚು ಎಲೆಗಳ ಹೆಸರು ಗೊತ್ತು. ಅವರ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿದೆ, ಎಲೆಯ ಅರಿವಿಗೆ ಅಂಥದ್ದೇನೂ ಇಲ್ಲ.

ಹಸಿ ತಿನ್ನೋದೂ ಇತ್ತು. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಉಂಡವರಿಗೆ ಗೊತ್ತು, ಜೋಳದ ರೊಟ್ಟಿ ಪಕ್ಕದಲ್ಲಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲ, ಮೂಲಂಗಿ ಎಲೆ ಹಾಗೇ ಇಡ್ತಾರೆ. ಮತ್ತೆ ಹಕ್ಕರಕಿ. ನೆಲಕ್ಕೆ ಅಂಟಿಕೊಂಡು ಬೆಳೆಯೋ, ಕಚ್ಚಿದರೆ ಸಣ್ಣಗೆ ಕಹಿಯಾಗೋ ಎಲೆ. ಗುರೆಳ್ಳು ಪುಡಿ, ಸ್ವಲ್ಪ ಎಣ್ಣೆ, ಉಪ್ಪು ಹಾಕಿ ಕಲಸಿದರೆ ಪಚಡಿ ತಯಾರು.

ಆದರೆ ಕುಡಿಯೋದು? ಹಸಿರೆಲೆ ಅರೆದು ಕುಡಿಸಿದ್ದು ನಾನು ಕಂಡಿದ್ದು ಮೂರೇ ಸಂದರ್ಭದಲ್ಲಿ. ಕಾಮಾಲೆ ಆದವರಿಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ. ಯುಗಾದಿ ದಿನ ಬೇವು. ನಮ್ಮ ಕಡೆ ಅದು ತಟ್ಟೆಗಲ್ಲ, ಲೋಟಕ್ಕೆ ಬರುತ್ತೆ, ಬೆಲ್ಲ, ಹುಣಸೆಹುಳಿ, ಪುಠಾಣಿ ಹಿಟ್ಟಿನ ಜೊತೆ. ಮೂರನೇದು ಹೊಟ್ಟೆ ಉಬ್ಬರಿಸಿದ ಎತ್ತಿಗೆ, ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಸುರಿದು. ಅಂದರೆ ಕುಡಿಯೋ ಹಸಿರು ಔಷಧಿ ಅಥವಾ ಆಚರಣೆ, ಊಟ ಅಲ್ಲ. ನಾನು ವಿಡಿಯೊ ಕಾಲ್‌ನಲ್ಲಿ ಆಫೀಸಿನ ಬಾಟಲಿ ತೋರಿಸಿದಾಗ ಅವ್ವ ಕೇಳಿದ್ದು, "ಅದ್ಯಾಕ ಯಪ್ಪಾ, ಹಲ್ಲಿಲ್ಲೇನು ಅವರಿಗೆ?"

ನಗಬೇಡಿ, ಆ ಪ್ರಶ್ನೆಯಲ್ಲಿ ಸ್ವಲ್ಪ ರಸಾಯನಶಾಸ್ತ್ರ ಇದೆ. ಅವ್ವನ ಅಡುಗೆಮನೆಯಲ್ಲಿ ಒಂದು ವಿಂಗಡಣೆ ಇತ್ತು: ಗೋಳಿ, ರಾಜಗಿರಿ, ಪುಂಡಿ ಒಲೆ ಮೇಲೆ, ಮೆಂತೆ, ಮೂಲಂಗಿ ಎಲೆ, ಹಕ್ಕರಕಿ ಹಸಿ. ಗೋಳಿ ಮತ್ತು ರಾಜಗಿರಿ ಆಕ್ಸಲೇಟ್ ಜಾಸ್ತಿ ಇರುವ ಸೊಪ್ಪುಗಳು. ಪಾಲಕ್ ಅದೇ ಜಾತಿ, 100 ಗ್ರಾಂ ಹಸಿ ಪಾಲಕಿನಲ್ಲಿ ಅರ್ಧ ಗ್ರಾಂಗೂ ಹೆಚ್ಚು ಆಕ್ಸಲೇಟ್ ಇರುತ್ತೆ. ಬೇಯಿಸಿ ನೀರು ಬಸಿದರೆ ಕಡಿಮೆಯಾಗುತ್ತೆ. ಹಸಿಯಾಗಿ ಜಗಿದು ತಿಂದರೆ ಎಷ್ಟು ತಿಂತೀರಿ, ಒಂದು ಹಿಡಿ? ಮಿಕ್ಸಿಗೆ ಹಾಕಿದರೆ ಒಂದು ಕಟ್ಟು ಪೂರ್ತಿ ಎರಡು ನಿಮಿಷದಲ್ಲಿ ಒಳಗೆ ಹೋಗುತ್ತೆ. 2018ರಲ್ಲಿ ಅಮೆರಿಕದ ಮೂತ್ರಪಿಂಡ ತಜ್ಞರ ಪತ್ರಿಕೆಯೊಂದು 65 ವರ್ಷದ ಮಹಿಳೆಯ ಪ್ರಕರಣ ಪ್ರಕಟಿಸಿತು. ಹಸಿರು ಸ್ಮೂದಿ 'ಕ್ಲೆನ್ಸ್' ಮಾಡಿ ಆಕೆಯ ಕಿಡ್ನಿಯಲ್ಲಿ ಆಕ್ಸಲೇಟ್ ಕಟ್ಟಿ ಕಿಡ್ನಿಯೇ ಕೈಕೊಟ್ಟಿತ್ತು. ಆಕೆಗೆ ಮೊದಲೇ ಹೊಟ್ಟೆಯ ಬೈಪಾಸ್ ಸರ್ಜರಿ ಆಗಿತ್ತು, ಆಂಟಿಬಯಾಟಿಕ್ ಕೂಡ ತಗೊಂಡಿದ್ದರು, ಆದ್ದರಿಂದ ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ. ಆದರೆ ಕಿಡ್ನಿ ಕಲ್ಲಿನ ಇತಿಹಾಸ ಇದ್ದವರು, ರಕ್ತ ತೆಳುವಾಗಿಸೋ ವಾರ್ಫರಿನ್ ಮಾತ್ರೆ ತಗೊಳ್ಳೋರು ದಿನಾ ಕುಡಿಯೋ ಮುಂಚೆ ಡಾಕ್ಟರನ್ನ ಕೇಳೋದು ಒಳ್ಳೇದು. ಸೋರೆಕಾಯಿ ಜ್ಯೂಸಿನದು ಇನ್ನೊಂದು ಕಥೆ. 2010ರಲ್ಲಿ ದಿಲ್ಲಿಯ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಬೆರೆತ ಜ್ಯೂಸ್ ಕುಡಿದು ತೀರಿಕೊಂಡ ಮೇಲೆ ಐಸಿಎಂಆರ್ ಪರಿಣತರ ಸಮಿತಿ ಕೂತು, ಕಹಿ ಇದ್ದರೆ ಕುಡಿಯಲೇಬೇಡಿ ಅಂತ ಎಚ್ಚರಿಸಿತು.

ಹಾಗಂತ 'ಅಜ್ಜಿಯರಿಗೆ ಎಲ್ಲ ಗೊತ್ತಿತ್ತು' ಅನ್ನೋ ವಾಟ್ಸಾಪ್ ವಾದ ನನ್ನದಲ್ಲ. ಸೊಪ್ಪು ತಿನ್ನೋದರ ಹಿಂದೆ ಬರಗಾಲದ ನೆನಪೂ ಇದೆ. 1876ರಿಂದ 78ರವರೆಗೆ, ಧಾತು-ಈಶ್ವರ ಸಂವತ್ಸರದ ಬರದಲ್ಲಿ, ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯೋರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿನ ಕೂಲಿ ಸಾಕು ಅಂತ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಒಂದು ಪೌಂಡ್ ಅಂದರೆ 450 ಗ್ರಾಂ, ಇಡೀ ದಿನದ ಮೈಮುರಿತಕ್ಕೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ. ಬರೀ ಧಾನ್ಯ, ಅದೂ ಇಷ್ಟರಲ್ಲಿ ದುಡಿಯೋ ದೇಹ ಉಳಿಯಲ್ಲ, ಬೇಳೆ ಬೇಕು, ತರಕಾರಿ ಬೇಕು ಅನ್ನೋದು ಅವನ ವಾದ. ನಮ್ಮ ನೆಲದ ಬಡವರ ತಟ್ಟೆಯಲ್ಲಿ ತರಕಾರಿ ಇರಬೇಕಾ ಬೇಡವಾ ಅನ್ನೋದು ಸರ್ಕಾರಿ ಕಡತಕ್ಕೆ ಬಂದದ್ದು ಹೀಗೆ, ಜನ ಸಾಯ್ತಿರುವಾಗ.

ಅರ್ಧ ಶತಮಾನದ ನಂತರ ಅದನ್ನ ಮತ್ತೆ ಎತ್ತಿದ್ದು ಗಾಂಧೀಜಿ. 1934ರಲ್ಲಿ ಹರಿಜನ ಯಾತ್ರೆಯಲ್ಲಿ ಅವರು ಸಂಡೂರಿಗೂ ಬಂದಿದ್ದರು. ಸಂಡೂರು ಸಂಸ್ಥಾನ 1932ರಲ್ಲೇ, ಅಂದರೆ ತಿರುವಾಂಕೂರಿಗಿಂತ ನಾಲ್ಕು ವರ್ಷ ಮುಂಚೆ, ದೇವಸ್ಥಾನಗಳನ್ನು ದಲಿತರಿಗೆ ತೆರೆದಿತ್ತು. ಅದು ಅವರಿಗೆ ಬಹಳ ಹಿಡಿಸಿತ್ತು. ಮರುವರ್ಷ, 1935ರಲ್ಲಿ, 'ಹರಿಜನ' ಪತ್ರಿಕೆಯಲ್ಲಿ ಹಸಿರೆಲೆಗಳ ಬಗ್ಗೆ ಬರೆದರು. ಮೂಲಂಗಿ, ಗಜ್ಜರಿಯ ಎಲೆಗಳನ್ನು ಬಿಸಾಡಬೇಡಿ, ಬೇಯಿಸದೆ ಸ್ವಲ್ಪ ಸ್ವಲ್ಪ ತಿಂದು ನೋಡಿ ಅನ್ನೋದು ಸಾರಾಂಶ. 1929ರಲ್ಲೂ ಅವರು ಒಲೆ ಹಚ್ಚದ ಊಟದ ಪ್ರಯೋಗ ಮಾಡಿ, ಹೊಟ್ಟೆ ಕೆಟ್ಟು ಬಿಟ್ಟಿದ್ದರು. ಅದನ್ನೂ ಮುಚ್ಚಿಡದೆ ಬರೆದಿದ್ದರು. ಇವತ್ತಿನ ಯಾವ ವೆಲ್‌ನೆಸ್ ಗುರು ತನ್ನ ಭೇದಿ ಬಗ್ಗೆ ಪೋಸ್ಟ್ ಹಾಕ್ತಾನೆ ಹೇಳಿ?

ಬರ ಓಡಿಸೋಕೆ ಅಂತಲೇ ತುಂಗಭದ್ರಾ ಡ್ಯಾಂ ಬಂತು. 1945ರಲ್ಲಿ ಕೆಲಸ ಶುರು, 1953ರಲ್ಲಿ ನೀರು. ಯೋಜನೆ ಮಾಡಿದವರ ಲೆಕ್ಕದಲ್ಲಿ ಇದು ಹೆಚ್ಚು ಊರಿಗೆ ತೆಳ್ಳಗೆ ಹಂಚಬೇಕಾದ ನೀರು, ಬಹುಪಾಲು ಜೋಳ, ಕಡಲೆಯಂಥ ಬೆಳೆಗೆ. ಆದರೆ ಕಾಲುವೆ ತಲೆಭಾಗದಲ್ಲಿ ಭತ್ತ ನಿಂತಿತು. ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪು ಕಟ್ಟಿದರು. ಗಂಗಾವತಿ, ಸಿರುಗುಪ್ಪ, ಕಂಪ್ಲಿ ಕಡೆಯೆಲ್ಲ ಹಸಿರೋ ಹಸಿರು. ನಾನು ಓದಿದ್ದು ಆ ಭತ್ತದ ದುಡ್ಡಿನಲ್ಲೇ, ಬೈಯೋ ಹಕ್ಕು ನನಗಿಲ್ಲ. ಆದರೆ ನೀರು ನಿಲ್ಲೋ ಗದ್ದೆಯಲ್ಲಿ ಹಕ್ಕರಕಿ ಬೆಳೆಯಲ್ಲ. ಒಣ ಹೊಲದಲ್ಲಿ ಉಳಿದಿದ್ದಕ್ಕೆ ಕಳೆನಾಶಕ ಬಂತು. ಅವ್ವ ಪಲ್ಯ ಅನ್ನೋದಕ್ಕೆ ಅಂಗಡಿಯ ಡಬ್ಬಿ ಕಳೆ ಅನ್ನುತ್ತೆ. ಕೂಲಿಗೆ ಎಂಟು ಹೆಂಗಸರು ಹೋಗ್ತಿದ್ದ ಹೊಲಕ್ಕೆ ಈಗ ಬೆನ್ನಿಗೆ ಪಂಪ್ ಕಟ್ಟಿಕೊಂಡ ಒಬ್ಬ ಹುಡುಗ ಸಾಕು. ಸಂಡೂರಿನ ಕಡೆ ಇನ್ನೊಂದು ರೀತಿ. ಅದಿರು ಲಾರಿಗಳ ಕಾಲದಲ್ಲಿ ರಸ್ತೆ ಪಕ್ಕದ ಹೊಲದ ಎಲೆ ಎಲ್ಲ ಕೆಂಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ವರ್ಷ ಎಲೆಯ ಬಣ್ಣ ಮತ್ತೆ ಕಂಡಿತು ಅಂತ ಸಂಡೂರಿನ ನನ್ನ ಗೆಳೆಯ ಹೇಳ್ತಾನೆ. ಅವನ ಅಣ್ಣನ ಕೆಲಸ ಹೋಗಿದ್ದೂ ಅದೇ ವರ್ಷ.

ಈಗ ನನ್ನನ್ನ ನಿಜವಾಗಿ ಕಾಡೋ ವಿಷಯಕ್ಕೆ ಬರ್ತೀನಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ. ಎರಡೂ ಹಿಂದಿನ ಸುತ್ತಿಗಿಂತ ಜಾಸ್ತಿ. ದೇಶಕ್ಕೆ, ಹೊರದೇಶಕ್ಕೆ ಕಬ್ಬಿಣ ಕಳಿಸಿದ ನಾಡು ಇದು. ಸೊಪ್ಪಿನಿಂದ ಮಾತ್ರ ಇದು ಸರಿಹೋಗಲ್ಲ. ಎಲೆಯಲ್ಲಿರೋ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಲ್ಲ, ಜೊತೆಗೆ ನಿಂಬೆಯಂಥ ಸಿ ಜೀವಸತ್ವ ಇದ್ದರೆ ಸ್ವಲ್ಪ ಹೆಚ್ಚು ಹೀರುತ್ತೆ. ಮಾತ್ರೆ ಬೇಕು, ಮೊಟ್ಟೆ ಬೇಕು, ತಿನ್ನೋರಿಗೆ ಮಾಂಸ ಬೇಕು. ಉಡಿ ತುಂಬ ಪಲ್ಯ ತಂದ ನಮ್ಮಜ್ಜಿಯೇ ಕಡೇ ದಿನಗಳಲ್ಲಿ ಸುಣ್ಣದ ಗೋಡೆ ಥರ ಬಿಳಿಚಿಕೊಂಡಿದ್ದಳು. ಆದರೆ ದುಡ್ಡು ಕೊಡದೆ ಸಿಗುತ್ತಿದ್ದ ಒಂದೇ ಒಂದು ತರಕಾರಿ ಇದಾಗಿತ್ತು. ಅದು ಹೋದ ಜಾಗದಲ್ಲಿ ಬಡವರ ತಟ್ಟೆಗೆ ಬಂದದ್ದು ಪಡಿತರ ಅಕ್ಕಿ, ತಿಳಿಸಾರು. ನಮ್ಮ ಮೇಜಿಗೆ ಬಂದದ್ದು 180 ರೂಪಾಯಿ ಬಾಟಲಿ.

ಹುಡುಗಿಗೆ ನಾನು ಕೊಟ್ಟ ಉತ್ತರ ಚಿಕ್ಕದು: ಇಲ್ಲಮ್ಮ, ಕುಡೀತಿರಲಿಲ್ಲ. ಎಣ್ಣೆ ಕುಡಿದವನ ಹೆಸರು ಉಳಿದಿದೆ, ಸೊಪ್ಪು ತಿಂದವರದು ಉಳಿದಿಲ್ಲ. ಕುಡಿಯೋದಾದರೆ ಪಾಲಕ್ ಒಂದನ್ನೇ ಹಿಡಿದು ಕೂರಬೇಡ, ಸೊಪ್ಪು ಬದಲಾಯಿಸುತ್ತಿರು, ಸೋಸಿ ಚರಟ ಬಿಸಾಡಬೇಡ, ನಾರೆಲ್ಲ ಅದರಲ್ಲೇ ಇರೋದು. ಅವಳು ಹಕ್ಕರಕಿ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಅಂತ ಕೇಳಿದಳು. ಆ್ಯಪ್‌ಗಳಲ್ಲಿ ನೋಡಿದ್ವಿ, ಇಲ್ಲ.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಹೊಸಪೇಟೆ ಮಾರ್ಕೆಟ್ಟಿನ ಹೊರಗೆ, ಗೋಣಿಚೀಲ ಹಾಸಿಕೊಂಡು ಕೂತಿದ್ದ ವಯಸ್ಸಾದ ಒಬ್ಬಾಕೆ ಹತ್ತಿರ ಸಿಕ್ಕಿತು. ಕಟ್ಟಿಗೆ ಹತ್ತು ರೂಪಾಯಿ. "ಎಲ್ಲಿದು ಅಮ್ಮಾ?" ಅಂದೆ. "ಮಳೆ ನೀರಿನ ಹೊಲದಾಗಿಂದು, ಔಷಧಿ ಹೊಡದಿಲ್ಲ. ಈಗ್ಲೇ ತಿನ್ರಿ, ಸಂಜಿಕ ಬಾಡತೈತಿ" ಅಂದಳು. ನಾಲ್ಕು ಕಟ್ಟು ತಗೊಂಡು ಊರಿಗೆ ಒಯ್ದೆ. ಮಧ್ಯಾಹ್ನ ಅವ್ವ, ನಾನು ರೊಟ್ಟಿ ಜೊತೆ ಎರಡು ಕಟ್ಟು ಮುಗಿಸಿದೆವು. ಉಳಿದ ಎರಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಬೆಂಗಳೂರಿಗೆ ಹೋಗೋ ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ ಬಿಡೋದು ರಾತ್ರಿ.